ಯುರೋಪಿನಲ್ಲಿ ಒಂದು ವಾರ, ಒಂದೇ ಊರು: ನನ್ನ ಆಯ್ಕೆ ಪಲೆರ್ಮೋ

ಪ್ರಶ್ನೆ: ನಮಗಿಬ್ಬರಿಗೂ ಐವತ್ತು ದಾಟಿದೆ, ಊರು ದಾವಣಗೆರೆ. ಬರುವ ಅಕ್ಟೋಬರ್‌ನಲ್ಲಿ ಒಂದು ವಾರ ಯುರೋಪಿಗೆ ಹೋಗಬೇಕೆಂದಿದ್ದೇವೆ. ಏಳು ದಿನದಲ್ಲಿ ಐದು ದೇಶ ತೋರಿಸುವ ಪ್ಯಾಕೇಜ್ ಬೇಡ. ಒಂದೇ ಊರಿನಲ್ಲಿ ಉಳಿದು ಅಲ್ಲಿನ ಊಟ ಉಣ್ಣಬೇಕು. ಹಳೆಯ ಕಟ್ಟಡ, ಚಿತ್ರ, ಆಟ-ನಾಟಕ ನೋಡಬೇಕು. ನಾನು ಸಸ್ಯಾಹಾರಿ, ಕೇಕಿನೊಳಗಿನ ಮೊಟ್ಟೆಗೆ ಮಾತ್ರ ತಕರಾರಿಲ್ಲ. ನಮ್ಮ ಯಜಮಾನರು ಮೀನು, ಮಾಂಸ ಎರಡೂ ತಿನ್ನುತ್ತಾರೆ. ಪ್ಯಾರಿಸ್, ರೋಮ್, ಬಾರ್ಸಿಲೋನಾ, ಲಿಸ್ಬನ್ ಎಂದು ಪಟ್ಟಿ ಮಾಡಿಕೊಂಡು ಕುಳಿತಿದ್ದೇವೆ. ಯಾವುದನ್ನು ಆರಿಸಲಿ? ಮೊಸರನ್ನವಿಲ್ಲದೆ ಒಂದು ವಾರ ಇರಲು ಆಗುತ್ತದೆಯೇ ಎಂಬ ಅಳುಕೂ ಇದೆ. ಬರುವಾಗ ಏನು ತರಬಹುದು ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಪಟ್ಟಿಯಲ್ಲಿ ಇಲ್ಲದ ಊರನ್ನು ಹೇಳುತ್ತಿದ್ದೇನೆ, ಬೇಸರಿಸಬೇಡಿ. ಪಲೆರ್ಮೋಗೆ ಹೋಗಿ. ಇಟಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ಸಿಸಿಲಿ ದ್ವೀಪದ ರಾಜಧಾನಿ ಅದು. ಹಲವು ವರ್ಷಗಳಿಂದ ನಮ್ಮವರಿಗೆ ಯುರೋಪ್ ಪ್ರವಾಸ ಹೊಂದಿಸಿಕೊಡುವ ಕೆಲಸದಲ್ಲಿದ್ದೇನೆ. ಒಬ್ಬರು ಸಸ್ಯಾಹಾರಿ, ಒಬ್ಬರು ಮಾಂಸಾಹಾರಿ ಇರುವ ದಂಪತಿಗೆ ಇಷ್ಟು ಒಪ್ಪುವ ಇನ್ನೊಂದು ಊರನ್ನು ನಾನು ಕಂಡಿಲ್ಲ.

ಊರು ಆರಿಸುವಾಗ ಎಲ್ಲರೂ ನೋಡುವ ಜಾಗಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ನಾನು ಮಧ್ಯಾಹ್ನ ಒಂದು ಗಂಟೆಯಿಂದ ಶುರು ಮಾಡುತ್ತೇನೆ. ಬೆಳಿಗ್ಗೆಯಿಂದ ನಡೆದಿದ್ದೀರಿ, ಕಾಲು ಸೋತಿದೆ, ಹೊಟ್ಟೆ ಹಸಿದಿದೆ. ಆಗ ನಿಂತಲ್ಲಿಯೇ, ಬೀದಿಯಲ್ಲಿಯೇ, ನಿಮ್ಮಿಬ್ಬರಲ್ಲಿ ಹೆಚ್ಚು ಕಟ್ಟುಪಾಡು ಇರುವವರಿಗೆ ಆ ಊರಿನದೇ ಆದ ತಿಂಡಿ ಸಿಗುತ್ತದೆಯೇ? ಮೊಬೈಲ್ ಹಿಡಿದು ಅರ್ಧ ತಾಸು ಸಸ್ಯಾಹಾರಿ ಹೋಟೆಲ್ ಹುಡುಕಬೇಕಾದ ಊರಿನಲ್ಲಿ ಮೂರನೆಯ ದಿನಕ್ಕೆ ಒಬ್ಬರು ಉಣ್ಣುತ್ತಿರುತ್ತಾರೆ, ಇನ್ನೊಬ್ಬರು ಸೊಪ್ಪು-ಸೌತೆಯ ತಟ್ಟೆ ಮುಂದಿಟ್ಟುಕೊಂಡು ಅವರ ಮುಖ ನೋಡುತ್ತಿರುತ್ತಾರೆ. ಊಟಕ್ಕಾಗಿಯೇ ಹೊರಟ ಪ್ರವಾಸ ಹಾಗಾಗಬಾರದು.

ಈ ಅಳತೆಗೋಲಿಗೆ ನಿಮ್ಮ ನಾಲ್ಕೂ ಊರುಗಳನ್ನು ಹಿಡಿದು ನೋಡಿ. ಪ್ಯಾರಿಸ್‌ನ ಚಿತ್ರಶಾಲೆಗಳಿಗೆ ಸಾಟಿಯಿಲ್ಲ, ಬ್ರೆಡ್ಡು, ಬೆಣ್ಣೆ, ಸಿಹಿತಿಂಡಿಗೂ ಇಲ್ಲ. ಆದರೆ ಅಲ್ಲಿನ ಸಾಂಪ್ರದಾಯಿಕ ಅಡುಗೆ ಮಾಂಸದ ಸಾರಿನ ಮೇಲೆ ನಿಂತಿದೆ. ರೋಮ್‌ನಲ್ಲಿ ನೋಡಬೇಕಾದದ್ದು ಎಷ್ಟಿದೆಯೆಂದರೆ ವಾರದ ಅರ್ಧ ಸರತಿ ಸಾಲಿನಲ್ಲಿ ಕಳೆಯುತ್ತದೆ. ಬಾರ್ಸಿಲೋನಾದ ಟೊಮೆಟೊ ತಿಕ್ಕಿದ ರೊಟ್ಟಿ, ಸುಟ್ಟ ಬದನೆ-ಮೆಣಸಿನಕಾಯಿ ನಿಮಗೆ ಹಿಡಿಸುತ್ತವೆ, ಆದರೆ ಜನಜಂಗುಳಿ ವಿಪರೀತ.

ಲಿಸ್ಬನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ನಮಗೂ ಅದಕ್ಕೂ ಹಳೆಯ ನಂಟು. ಮೇಜು, ಚಾವಿ, ಪಗಾರ, ಬಟಾಟೆ, ಅನಾನಸು ಎಲ್ಲವೂ ಪೋರ್ಚುಗೀಸರಿಂದ ಬಂದ ಮಾತುಗಳು. ಹದಿನಾರನೆಯ ಶತಮಾನದಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಪಾಯೆಸ್ ಮತ್ತು ನೂನಿಜ್ ಆ ದೇಶದವರು. ಅವರ ಬರಹ 1897ರಲ್ಲಿ ಅಚ್ಚಾದದ್ದು ಲಿಸ್ಬನ್ನಿನಲ್ಲಿ. ನಿಮ್ಮ ಯಜಮಾನರಿಗೆ ಅಲ್ಲಿ ಮೀನಿನ ಹಬ್ಬವೇ ಆಗುತ್ತದೆ. ನಿಮಗೆ ಹಾಗಲ್ಲ. ಸೊಪ್ಪು-ಆಲೂಗಡ್ಡೆಯ ಸೂಪಿನಲ್ಲೂ ಹಂದಿಯ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ. ಊರೆಲ್ಲ ಏರು-ಇಳಿತ, ಮೊಣಕಾಲು ಮಾತಾಡುತ್ತದೆ. ಅದು ನನ್ನ ಎರಡನೆಯ ಆಯ್ಕೆ.

ಇನ್ನು ಪಲೆರ್ಮೋ. 831ರಲ್ಲಿ ಅರಬರು ಈ ಊರನ್ನು ಗೆದ್ದರು. 1072ರಲ್ಲಿ ಉತ್ತರದಿಂದ ಬಂದ ನಾರ್ಮನ್ನರು ಅವರಿಂದ ಕಸಿದುಕೊಂಡರು. ಕಸಿದುಕೊಂಡವರು ಅರಬರ ಕುಶಲಕರ್ಮಿಗಳನ್ನೂ ಗ್ರೀಕ್ ಅಧಿಕಾರಿಗಳನ್ನೂ ಆಸ್ಥಾನದಲ್ಲಿ ಉಳಿಸಿಕೊಂಡರು. ಅರಬರ ಕಾಲದಲ್ಲಿ ನೀರಾವರಿ ಬೆಳೆಯಿತು. ನಿಂಬೆ, ಹುಳಿ ಕಿತ್ತಳೆ, ಬದನೆ, ಕಬ್ಬು ಈ ನೆಲದಲ್ಲಿ ಬೇರೂರಿದವು. ಸಂಸ್ಕೃತದ ಶರ್ಕರಾ ಅರಬರ ಬಾಯಲ್ಲಿ ಸುಕ್ಕರ್ ಆಗಿ, ಇಟಲಿಯಲ್ಲಿ ಜುಕ್ಕೆರೋ ಆಯಿತು. ನಮ್ಮ ಸಕ್ಕರೆಗೂ ಅದಕ್ಕೂ ಬೇರು ಒಂದೇ. ಅಂದರೆ ಅಲ್ಲಿನ ಕಟ್ಟಡಗಳಲ್ಲಿ ಕಾಣುವ ಚರಿತ್ರೆಯೇ ತಟ್ಟೆಯಲ್ಲೂ ಕಾಣುತ್ತದೆ. ಊಟ ಬೇರೆ, ಸಂಸ್ಕೃತಿ ಬೇರೆ ಎಂದು ದಿನವನ್ನು ಹಂಚಿಕೊಳ್ಳಬೇಕಾಗಿಲ್ಲ. ನಾನು ಈ ಊರಿಗೆ ಮತ ಹಾಕುವುದು ಮುಖ್ಯವಾಗಿ ಇದಕ್ಕೇ.

ಮೊದಲ ದಿನ ಬೆಳಿಗ್ಗೆ ಬಲ್ಲಾರೋ ಎಂಬ ಹಳೆಯ ಸಂತೆಬೀದಿಗೆ ಹೋಗಿ. ವ್ಯಾಪಾರಿಗಳು ರಾಗವೆಳೆದು ಕೂಗುತ್ತಾರೆ. ಆ ಕೂಗಿಗೇ ಅಲ್ಲಿ ಅಬ್ಬನ್ನಿಯಾತಾ ಎಂಬ ಹೆಸರಿದೆ. ಅಲ್ಲೊಂದು ಪಾನೆಲ್ಲೆ ಗಾಡಿ ಹುಡುಕಿ, ಪಕ್ಕದಲ್ಲಿ ಹತ್ತು ನಿಮಿಷ ನಿಲ್ಲಿ. ಕಡಲೆಹಿಟ್ಟನ್ನು ನೀರಿನಲ್ಲಿ ಕಲಸಿ, ಉಪ್ಪು ಹಾಕಿ, ಗಂಟಾಗದಂತೆ ತಿರುವಿ ತಿರುವಿ ಬೇಯಿಸಿರುತ್ತಾರೆ. ಗಟ್ಟಿಯಾದ ಮೇಲೆ ಪಾರ್ಸ್ಲಿ ಸೊಪ್ಪು ಬೆರೆಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿರುತ್ತಾರೆ. ಇಷ್ಟರಲ್ಲಿ ನಿಮಗೆ ಜುಣಕದ ವಡಿ ನೆನಪಾಗಿರುತ್ತದೆ. ಮಾಡುವ ರೀತಿ ಹೆಚ್ಚುಕಡಿಮೆ ಅದೇ. ಆ ತುಂಡುಗಳನ್ನು ಕಾದ ಎಣ್ಣೆಗೆ ಬಿಟ್ಟಾಗ ಅಂಚು ಉಬ್ಬಿ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ, ನಡುಭಾಗ ಮೆತ್ತಗೆ ಉಳಿಯುತ್ತದೆ. ನಾಲ್ಕೈದು ತುಂಡುಗಳನ್ನು ಎಳ್ಳು ಮೆತ್ತಿದ ಬನ್ನಿನೊಳಗೆ ಇಟ್ಟು, ಉಪ್ಪು ಉದುರಿಸಿ, ನಿಂಬೆ ಹಿಂಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಕೆಲವೇ ಯೂರೋಗಳಲ್ಲಿ ಹೊಟ್ಟೆ ತುಂಬುತ್ತದೆ. ಇದು ಸಸ್ಯಾಹಾರಿಗಳಿಗೆಂದು ಹೊಸದಾಗಿ ಕಂಡುಕೊಂಡ ತಿಂಡಿಯಲ್ಲ, ಶಾಲೆಯ ಮಕ್ಕಳೂ ಕೂಲಿಕಾರರೂ ದಿನವೂ ತಿನ್ನುವ ತಿಂಡಿ. ನೀವು ಊರಿನವರ ಸಾಲಿನಲ್ಲೇ ನಿಂತು ತಿನ್ನುತ್ತೀರಿ. ನನಗೆ ಬಹಳ ಮುಖ್ಯವೆನಿಸುವುದು ಅದು.

ಅದೇ ಹೊತ್ತಿಗೆ ನಿಮ್ಮ ಯಜಮಾನರಿಗೆ ಪಕ್ಕದ ಗಾಡಿಯಲ್ಲಿ ಪಾನಿ ಕಾ ಮೇಯುಸಾ ಸಿಗುತ್ತದೆ. ಗುಲ್ಮ ಮತ್ತು ಶ್ವಾಸಕೋಶವನ್ನು ಬೇಯಿಸಿ, ಹಂದಿಕೊಬ್ಬಿನಲ್ಲಿ ಹುರಿದು ಬನ್ನಿನೊಳಗೆ ತುಂಬುತ್ತಾರೆ. ಬರೀ ನಿಂಬೆ ಹಿಂಡಿದರೆ ಅದು 'ಬ್ರಹ್ಮಚಾರಿ', ಚೀಸ್ ಸೇರಿಸಿದರೆ 'ಮದುವೆಯಾದದ್ದು' ಎಂದು ಅಲ್ಲಿನ ಮಾತು. ಅದು ದನದ ಮಾಂಸ ಎಂಬುದನ್ನು ಮೊದಲೇ ಅವರಿಗೆ ತಿಳಿಸಿಬಿಡಿ. ಅದು ಬೇಡವೆಂದರೆ ಬೂತಾಯಿ ಜಾತಿಯ ಮೀನಿನ ಪಾಸ್ತಾ ಇದೆ: ಕಾಡು ಸೋಂಪಿನ ಸೊಪ್ಪು, ಒಣದ್ರಾಕ್ಷಿ, ಪೈನ್ ಬೀಜ, ಕೇಸರಿ ಹಾಕಿ ಮಾಡುತ್ತಾರೆ. ಮೀನಿಗೆ ದ್ರಾಕ್ಷಿ ಏಕೆ ಎಂದು ಅನುಮಾನಿಸದೆ ಒಮ್ಮೆ ತಿಂದು ನೋಡಲಿ.

ಸಂಜೆಯ ಊಟಕ್ಕೆ ನೀವು ಕಪೊನಾತಾ ಕೇಳಿ. ಬದನೆಕಾಯಿಯನ್ನು ದೊಡ್ಡ ಹೋಳು ಮಾಡಿ ಕರಿದು, ಈರುಳ್ಳಿ, ಸೆಲರಿ, ಟೊಮೆಟೊ, ಆಲಿವ್, ಕೇಪರ್ ಮೊಗ್ಗುಗಳ ಜೊತೆ ಬೆರೆಸಿ, ಕೊನೆಗೆ ವಿನೆಗರ್ ಮತ್ತು ಸಕ್ಕರೆ ಹಾಕುತ್ತಾರೆ. ಹುಣಸೆಹಣ್ಣು-ಬೆಲ್ಲದ ಜಾಗದಲ್ಲಿ ವಿನೆಗರ್-ಸಕ್ಕರೆ. ಉಳಿದಂತೆ ಅದು ಬದನೆಕಾಯಿ ಗೊಜ್ಜಿನ ದಾಯಾದಿ. ಬಿಸಿಯಾಗಿ ಬಡಿಸುವುದಿಲ್ಲ, ಮಾಡಿದ ಮರುದಿನ ರುಚಿ ಹೆಚ್ಚು. ಒಣಗಿದ ಅವರೆಯಂಥ ಫಾವಾ ಕಾಳನ್ನು ಕರಗುವಂತೆ ಬೇಯಿಸಿದ ಮಾಕ್ಕೋ ಸಿಕ್ಕರೆ ಬಿಡಬೇಡಿ, ತೊವ್ವೆಯಂತೆಯೇ ಇರುತ್ತದೆ.

ಈಗ ಎಚ್ಚರಿಕೆಯ ಮಾತು. 'ವೆಜಿತಾರಿಯಾನಾ' ಎಂದಷ್ಟೇ ಹೇಳಿದರೆ ಸಾಲದು. ಹಳಬರ ಅಡುಗೆಮನೆಯಲ್ಲಿ ಆಂಚೊವಿ ಎಂಬ ಪುಟ್ಟ ಉಪ್ಪುಮೀನು ಒಗ್ಗರಣೆಯ ಸಾಮಾನಿನಂತೆ ಬಳಕೆಯಾಗುತ್ತದೆ. ಸ್ಫಿಂಚೋನೆ ಎಂಬ ದಪ್ಪ ರೊಟ್ಟಿಯ ಮೇಲಿನ ಟೊಮೆಟೊ-ಈರುಳ್ಳಿಯಲ್ಲಿ ಅದು ಕರಗಿ ಕಣ್ಣಿಗೆ ಕಾಣದಂತೆ ಇರುತ್ತದೆ. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ, ಸೆಂತ್ಸಾ ಅಚ್ಚೂಗೆ' ಎಂದು ಬಾಯಿಪಾಠ ಮಾಡಿಕೊಳ್ಳಿ: ಮಾಂಸ ಬೇಡ, ಮೀನು ಬೇಡ, ಆಂಚೊವಿ ಬೇಡ. ಅನ್ನದ ಉಂಡೆಯನ್ನು ಕರಿದ ಅರಂಚೀನಾ ನೋಡಲು ಆಲೂಬೋಂಡದಂತಿದೆ, ಹೆಸರಿನ ಅರ್ಥ ಪುಟ್ಟ ಕಿತ್ತಳೆ. ಅದರಲ್ಲಿ 'ಆಲ್ ಬುರ್ರೋ' ಎಂದರೆ ಬೆಣ್ಣೆಯದು ಎಂದರ್ಥ; ಹೆಸರು ನಂಬಿ ಕಚ್ಚಬೇಡಿ, ಒಳಗೆ ಸಾಮಾನ್ಯವಾಗಿ ಹಂದಿಮಾಂಸದ ಚೂರಿರುತ್ತದೆ. ಪಾಲಕ್ ಸೊಪ್ಪಿನದನ್ನು ಕೇಳಿ. ಕನ್ನೋಲಿ ಎಂಬ ಸಿಹಿತಿಂಡಿಯ ಗರಿಗರಿ ಕೊಳವೆಯ ಹಿಟ್ಟಿಗೆ ಸಂಪ್ರದಾಯದಂತೆ ಹಂದಿಕೊಬ್ಬು ಹಾಕುತ್ತಾರೆ, ಅದರ ಹೆಸರು ಸ್ತ್ರುತ್ತೋ. ಅಂಗಡಿಯಲ್ಲಿ ಆ ಒಂದು ಪದ ಹೇಳಿ ಕೇಳಿದರೆ ಸಾಕು, ನಿಜ ಹೇಳುತ್ತಾರೆ.

ಚೀಸ್‌ನದೂ ಒಂದು ಪ್ರಶ್ನೆ ಇದೆ. ಪಾರ್ಮಿಜಾನೋ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕುರಿಹಾಲಿನ ಪೆಕೊರೀನೋಗೆ ಸಾಮಾನ್ಯವಾಗಿ ಕುರಿಮರಿಯದು. ಇದು ನಿಮಗೆ ಒಪ್ಪಿಗೆಯೋ ಇಲ್ಲವೋ ಎಂಬುದನ್ನು ದಾವಣಗೆರೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ. ಒಮ್ಮೆ ಒಬ್ಬ ತಾಯಿಗೆ ನಾನು ಇದನ್ನು ಮೊದಲೇ ಹೇಳಿರಲಿಲ್ಲ. ನಾಲ್ಕನೆಯ ದಿನ ಊಟದ ನಡುವೆ ತಿಳಿದು ಅವರು ಕಣ್ಣೀರಿಟ್ಟರು. ಅಂದಿನಿಂದ ಎಲ್ಲರಿಗೂ ಟಿಕೆಟ್ ತೆಗೆಯುವ ಮುನ್ನವೇ ಹೇಳುತ್ತೇನೆ. ಚೀಸ್ ಬಿಟ್ಟರೂ ಪಲೆರ್ಮೋದಲ್ಲಿ ಹಸಿವೆಯಿಂದ ಇರಬೇಕಾಗಿಲ್ಲ.

ನೋಡುವ ಜಾಗಗಳಲ್ಲಿ ಒಂದೇ ಒಂದನ್ನು ಹೇಳು ಎಂದರೆ ನಾರ್ಮನ್ನರ ಅರಮನೆಯೊಳಗಿನ ಕಪೆಲ್ಲಾ ಪಲತೀನಾ ಎನ್ನುತ್ತೇನೆ. ನಾರ್ಮನ್ ದೊರೆ ಎರಡನೆಯ ರೋಜರ್ ಕಟ್ಟಿಸಿ 1140ರಲ್ಲಿ ಪೂಜೆಗೆ ತೆರೆದ ಪ್ರಾರ್ಥನಾ ಮಂದಿರ ಅದು. ಗೋಡೆಯ ಮೇಲೆ ಗ್ರೀಕ್ ಪರಂಪರೆಯ ಚಿನ್ನದ ಚೂರುಚಿತ್ರಗಳು (ಮೊಸಾಯಿಕ್). ತಲೆಯೆತ್ತಿದರೆ ಜೇನುಗೂಡಿನಂತೆ ಇಳಿಬಿದ್ದ ಮರದ ಚಾವಣಿ, ಅದು ಮುಸ್ಲಿಂ ಕುಶಲಕರ್ಮಿಗಳ ಪರಂಪರೆಯದು. ನಡುನಡುವೆ ಅರಬ್ಬಿ ಅಕ್ಷರದ ಹಾರೈಕೆಗಳು. ಹಂಪಿಯ ಕಮಲ ಮಹಲಿನ ಕಮಾನುಗಳ ಕೆಳಗೆ ನಿಂತವರಿಗೆ ಎರಡು ಪರಂಪರೆ ಹೇಗೆ ಕೈಹಿಡಿಯುತ್ತವೆ ಎಂಬುದು ಗೊತ್ತು. ಇಲ್ಲಿ ಮೂರು. ಸಣ್ಣ ದುರ್ಬೀನು ಒಯ್ಯಿರಿ. ಬರಿಗಣ್ಣಿಗೆ ಚಾವಣಿಯ ಚಿತ್ರಗಳು ಸಿಗುವುದಿಲ್ಲ. ವೀಣೆಯಂಥ ವಾದ್ಯ ನುಡಿಸುವವರು, ಕುಣಿಯುವವರು, ಬಟ್ಟಲು ಹಿಡಿದವರು ಕಾಣುತ್ತಾರೆ. ಒಂದು ಕಡೆ ಚದುರಂಗದ ಮಣೆಯ ಮುಂದೆ ಇಬ್ಬರು ಕುಳಿತಿದ್ದಾರೆ. ನಮ್ಮ ನಾಡಿನಿಂದ ಹೊರಟ ಆಟ ಪರ್ಷಿಯಾ, ಅರಬ್ ನಾಡು ದಾಟಿ ಕ್ರೈಸ್ತ ದೊರೆಯ ದೇವರ ಮನೆಯ ಚಾವಣಿ ಸೇರಿದ್ದನ್ನು ಮೊದಲ ಬಾರಿ ಕಂಡಾಗ ನನಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹಡಗಿನ ಪ್ರವಾಸಿಗರ ಗುಂಪು ಬಂದರೆ ನಿಲ್ಲಲೂ ಜಾಗವಿರುವುದಿಲ್ಲ. ಭಾನುವಾರ ಪೂಜೆಯಿರುತ್ತದೆ, ಆ ದಿನ ಬೇಡ.

ಅರ್ಧ ದಿನ ಬಸ್ಸಿನಲ್ಲಿ ಮೊನ್ರಿಯಾಲೆ ಗುಡ್ಡಕ್ಕೆ ಹೋಗಿ ಬನ್ನಿ. ಅಲ್ಲಿನ ಕೆಥೆಡ್ರಲ್‌ನಲ್ಲಿ ಆರು ಸಾವಿರ ಚದರ ಮೀಟರಿಗೂ ಹೆಚ್ಚು ಚಿನ್ನದ ಚೂರುಚಿತ್ರವಿದೆ.

ಪಲಾತ್ಸೋ ಅಬತೆಲ್ಲಿಸ್ ಚಿತ್ರಶಾಲೆಗೆ ಒಂದು ಚಿತ್ರಕ್ಕಾಗಿಯೇ ಹೋಗಬೇಕು. ಹದಿನೈದನೆಯ ಶತಮಾನದಲ್ಲಿ ಅಂತೊನೆಲ್ಲೋ ದಾ ಮೆಸ್ಸೀನಾ ಬರೆದ ಮೇರಿಯ ಚಿತ್ರ, ಎತ್ತರ ಬರೀ 45 ಸೆಂಟಿಮೀಟರ್. ನೀಲಿ ಸೆರಗನ್ನು ಒಂದು ಕೈಯಲ್ಲಿ ಹಿಡಿದಿದ್ದಾಳೆ, ಇನ್ನೊಂದು ಕೈ ಸ್ವಲ್ಪ ಮುಂದೆ ಚಾಚಿದೆ, ಎದುರಿಗೆ ಪುಸ್ತಕ. ಯೇಸು ಹುಟ್ಟಲಿರುವ ಸುದ್ದಿ ತಂದ ದೇವದೂತ ಚಿತ್ರದಲ್ಲಿ ಇಲ್ಲವೇ ಇಲ್ಲ. ಅವನು ನಿಲ್ಲಬೇಕಾದ ಜಾಗದಲ್ಲಿ ನೀವು ನಿಂತಿರುತ್ತೀರಿ. ಸೆರಗು ಹೊದ್ದ ಆ ಮುಖ ನಮ್ಮೂರಿನ ಯಾವುದೋ ಮನೆಯ ಹೆಣ್ಣುಮಗಳಂತೆ ಕಂಡರೆ ಆಶ್ಚರ್ಯವಿಲ್ಲ.

ಒಂದು ಸಂಜೆಯನ್ನು ಗೊಂಬೆಯಾಟಕ್ಕೆ ಮೀಸಲಿಡಿ. ಸಿಸಿಲಿಯ ಈ ಆಟವನ್ನು ಯುನೆಸ್ಕೋ 2008ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮ ಯಕ್ಷಗಾನ ಗೊಂಬೆಯಾಟದಲ್ಲಿ ದಾರಗಳಿದ್ದರೆ ಇಲ್ಲಿ ಕಬ್ಬಿಣದ ಸಲಾಕೆಗಳು. ಕವಚ ತೊಟ್ಟ ವೀರರು ಕತ್ತಿ ಹಿರಿದು ಕಾದಾಡುತ್ತಾರೆ, ಆಡಿಸುವವರು ಹಲಗೆಯ ಮೇಲೆ ಕಾಲು ಬಡಿದು ಯುದ್ಧದ ಸದ್ದು ಎಬ್ಬಿಸುತ್ತಾರೆ. ಭಾಷೆ ತಿಳಿಯದಿದ್ದರೂ ನಡೆಯುತ್ತದೆ; ಒಂದು ಕಡೆ ಒರ್ಲಾಂದೋ, ಇನ್ನೊಂದು ಕಡೆ ರಿನಾಲ್ದೋ, ನಡುವೆ ಇಬ್ಬರೂ ಮೆಚ್ಚಿದ ಹೆಣ್ಣು. ಬಯಲಾಟ ನೋಡಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯಾವ ವಾರ? ಅಕ್ಟೋಬರ್ ಎಂದಿದ್ದೀರಿ. ಕೊನೆಯ ವಾರ ಹಿಡಿದು ನವೆಂಬರ್ 2ರವರೆಗೆ ಇರುವಂತೆ ಹೊಂದಿಸಿಕೊಳ್ಳಿ. ಬಿಸಿಲ ಝಳ ಇಳಿದಿರುತ್ತದೆ, ಆಗೊಮ್ಮೆ ಈಗೊಮ್ಮೆ ಮಳೆ ಬರಬಹುದು. ನವೆಂಬರ್ 2 ಅಲ್ಲಿ ಅಗಲಿದ ಹಿರಿಯರ ದಿನ. ಮನೆಯ ಹಿರಿಯರು ಹಿಂದಿನ ರಾತ್ರಿ ಬಂದು ಉಡುಗೊರೆ ಇಟ್ಟು ಹೋಗುತ್ತಾರೆ ಎಂದು ಮಕ್ಕಳಿಗೆ ಹೇಳುತ್ತಾರೆ. ಅದಕ್ಕೆಂದು ಅಂಗಡಿಗಳಲ್ಲಿ ಸಕ್ಕರೆ ಗೊಂಬೆಗಳು ಸಾಲಾಗಿ ನಿಲ್ಲುತ್ತವೆ: ಪಾಕವನ್ನು ಅಚ್ಚಿಗೆ ಹೊಯ್ದು, ಬಿಡಿಸಿ, ಬಣ್ಣ ಬಳಿದ ಕುದುರೆ ಸವಾರರು, ರಾಣಿಯರು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಸೀಮೆಯವರು ನೀವು. ಮರದ ಅಚ್ಚಿಗೆ ಪಾಕ ಹೊಯ್ದು ಆನೆ, ನವಿಲು, ತೇರು ತೆಗೆಯುವುದನ್ನು ಚಿಕ್ಕಂದಿನಿಂದ ಕಂಡಿರುತ್ತೀರಿ. ಅದೂ ಅದೇ ಕಾರ್ತಿಕ ಮಾಸದ ಆಸುಪಾಸಿನಲ್ಲಿ. ಪಕ್ಕದಲ್ಲೇ ಬಾದಾಮಿ ಹಿಟ್ಟಿನ ಹಣ್ಣುಗಳೂ ಇರುತ್ತವೆ. ಮಾರ್ತೊರಾನಾ ಮಠದ ಸನ್ಯಾಸಿನಿಯರ ಕೈಯಲ್ಲಿ ಹುಟ್ಟಿದ ತಿನಿಸು ಎಂದು ಅವುಗಳಿಗೆ ಆ ಮಠದ್ದೇ ಹೆಸರು. ಕೆಲವು ಅಂಜೂರಗಳ ಸಿಪ್ಪೆಯ ಬಿರುಕನ್ನೂ ಬಿಡದೆ ಬಿಡಿಸಿರುತ್ತಾರೆ.

ಮೊಸರನ್ನದ ಅಳುಕಿಗೆ ಪರಿಹಾರವೂ ಬಲ್ಲಾರೋ ಸುತ್ತಲೇ ಇದೆ. ಪಲೆರ್ಮೋದಲ್ಲಿ ಶ್ರೀಲಂಕಾದ ತಮಿಳರ ದೊಡ್ಡ ಸಮುದಾಯವಿದೆ, ಬಾಂಗ್ಲಾದೇಶದವರೂ ಇದ್ದಾರೆ. ಅವರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಸಾಸಿವೆ ಸಿಗುತ್ತವೆ, ಎಷ್ಟೋ ಸಲ ಕರಿಬೇವೂ ಸಿಗುತ್ತದೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ, ಸಂತೆಯ ಮೇಲೆ ಬಾಗಿಲು ತೆರೆಯುವ ಮನೆ ಬೇಡ. ರಾತ್ರಿ ಗದ್ದಲಕ್ಕೆ ನಿದ್ದೆ ಬರುವುದಿಲ್ಲ. ಆ ತಮಿಳರಲ್ಲಿ ಹಿಂದೂಗಳೂ ಕ್ರೈಸ್ತರ ಜೊತೆ ಪೆಲೆಗ್ರೀನೋ ಬೆಟ್ಟ ಹತ್ತಿ, 1624ರ ಪ್ಲೇಗಿನಿಂದ ಊರನ್ನು ಕಾಯ್ದಳೆಂದು ನಂಬುವ ಸಂತ ರೊಸಾಲಿಯಾಳ ಗುಹೆಗೆ ನಡೆದುಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ನೀವೂ ಹೋಗಿ ಬನ್ನಿ.

ಅಲ್ಲಿನ ಹೊತ್ತಿಗೆ ಹೊಂದಿಕೊಳ್ಳುವುದು ಒಳ್ಳೆಯದು. ಮಧ್ಯಾಹ್ನ ಎಷ್ಟೋ ಅಂಗಡಿಗಳು ಬಾಗಿಲು ಹಾಕುತ್ತವೆ, ರಾತ್ರಿಯೂಟ ಎಂಟರ ಮೊದಲು ಸಿಗುವುದು ಕಷ್ಟ. ಬಿಲ್ಲಿನಲ್ಲಿ ಕೊಪೆರ್ತೋ ಎಂದು ತಲೆಗೆ ಒಂದೆರಡು ಯೂರೋ ಸೇರಿರುತ್ತದೆ. ಅದು ಮೋಸವಲ್ಲ, ಅಲ್ಲಿನ ರೂಢಿ.

ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಎಲ್ಲಾದರೂ ಬದಲಿಸಬೇಕು. ರೋಮ್‌ವರೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯುವ ದಾರಿಯೂ ಇದೆ. ಮೆಸ್ಸೀನಾ ಜಲಸಂಧಿಯಲ್ಲಿ ರೈಲಿನ ಬೋಗಿಗಳನ್ನೇ ಹಡಗಿನೊಳಗೆ ತಳ್ಳಿ ದಾಟಿಸುತ್ತಾರೆ. ಇಡೀ ದಿನ ಹಿಡಿಯುತ್ತದೆ, ಒಂದೇ ವಾರವಿರುವ ನಿಮಗೆ ವಿಮಾನವೇ ವಾಸಿ. ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತಲಾ 90 ಯೂರೋ ಶುಲ್ಕ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಜೂನ್ ಮುಗಿಯುವುದರೊಳಗೆ ವೀಸಾ ಸಂದರ್ಶನದ ದಿನ ಗೊತ್ತು ಮಾಡಿಕೊಳ್ಳಿ. ಬೇಸಿಗೆಯ ನೂಕುನುಗ್ಗಲಿನಲ್ಲಿ ದಿನ ಸಿಗದೆ ಪ್ರವಾಸ ಕೈಬಿಟ್ಟವರನ್ನು ಕಂಡಿದ್ದೇನೆ.

ಬರುವಾಗ ಸಕ್ಕರೆ ಗೊಂಬೆ ತರಲು ಹೋಗಬೇಡಿ, ದಾರಿಯಲ್ಲಿ ಒಡೆಯುತ್ತದೆ. ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ತನ್ನಿ, ಪಾಂತೆಲ್ಲೆರಿಯಾ ದ್ವೀಪದ್ದು ಎಂದು ಕೇಳಿ ತೆಗೆದುಕೊಳ್ಳಿ. ಅರ್ಧ ತಾಸು ನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು ಉಪ್ಪು ತೆಗೆದು, ಮನೆಯ ಬದನೆಕಾಯಿ ಗೊಜ್ಜಿಗೆ ಒಂದು ಚಮಚ ಹಾಕಿ. ಆ ದಿನ ಗೊಜ್ಜಿಗೆ ಬೇರೆ ಉಪ್ಪು ಕಡಿಮೆ ಮಾಡಿ.